ಅಡುಗೆಮನೆಯ ಕಪಾಟಿನಲ್ಲಿ ಕುಳಿತು ನನ್ನ ಪರವಾಗಿ ಕೇಳಿಸಿಕೊಂಡವರಿಗೆ

ಮಾನ್ಯ ಶ್ರವಣಯಂತ್ರದವರೇ,

ನನ್ನ ಎಡಗಿವಿಯಲ್ಲಿ ವಾಸವಾಗಿರುವ ತಮಗೂ, ನನ್ನ ಫೋನಿನಲ್ಲಿ ಬಿಡಾರ ಹೂಡಿರುವ ತಮ್ಮ ಆ್ಯಪ್‌ಗೂ ಸವಿನಯ ವಂದನೆಗಳು. ಕಾಳಿನಷ್ಟು ಗಾತ್ರದವರಿಗೆ ಇಷ್ಟುದ್ದದ ಪತ್ರ ಬರೆಯುವುದು ಉದ್ಧಟತನವೆಂದು ಬಲ್ಲೆ. ಆದರೆ ಈ ಮನೆಯಲ್ಲಿ ಸದ್ಯಕ್ಕೆ ನನ್ನ ಮಾತನ್ನು ನಂಬುವ ಸಾಧ್ಯತೆ ಇರುವವರು ತಾವೊಬ್ಬರೇ.

ಮೊದಲು ತಮ್ಮ ಉಪಕಾರಗಳನ್ನು ನೆನೆಯಬೇಕು. ಪುಸ್ತಕದ ಹಾಳೆ ಮಗುಚಿದರೆ ಸದ್ದಾಗುತ್ತದೆಂಬುದು ಎಷ್ಟೋ ವರ್ಷಗಳ ನಂತರ ನನಗೆ ಮತ್ತೆ ತಿಳಿದದ್ದು ತಮ್ಮಿಂದ. ದನಿ ಏರಿಸಿ ಇಳಿಸಲು ಆಸ್ಪತ್ರೆಯ ಬೆಂಚಿನಲ್ಲಿ ಅರ್ಧ ದಿನ ಕಾಯುವುದೂ ತಪ್ಪಿತು. ‘ನೀವು ಬರೋದೇ ಬೇಡ, ಇಲ್ಲಿಂದಲೇ ಸರಿಮಾಡ್ತೀನಿ’ ಎಂದ ಕಿವಿಯ ಡಾಕ್ಟರು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಬೆರಳಾಡಿಸಿದರೆ ನನ್ನ ಮನೆಯ ನಲ್ಲಿ ತೊಟ್ಟಿಕ್ಕುವುದು ನನಗೆ ಕೇಳಿಸುತ್ತದೆ.

ಆದರೆ ನಾನು ಎಷ್ಟು ಹೊತ್ತು ಜನರೊಡನೆ ಮಾತುಕತೆಯಲ್ಲಿರುತ್ತೇನೆಂದು ತಾವು ಅಳೆಯುತ್ತೀರೆಂಬುದನ್ನು ಯಾರೂ ಹೇಳಿರಲಿಲ್ಲ. ವಾರಕ್ಕೊಂದು ವರದಿ, ವರದಿಯ ನೆತ್ತಿಯಲ್ಲಿ ಒಂದು ಹೂಕುಂಡದ ಚಿತ್ರ. ಮಾತಾಡಿದರೆ ಗಿಡ ಚಿಗುರುತ್ತದೆ, ಓದುತ್ತ ಕೂತರೆ ಬಾಡುತ್ತದೆ. ಅದರ ನಕಲು ಪರವೂರಿನಲ್ಲಿರುವ ಮಗಳಿಗೂ ಹೋಗುತ್ತದೆ. ‘ಅಪ್ಪ, ನಿಮ್ಮ ಗಿಡ ಮತ್ತೆ ಜೋತುಬಿದ್ದಿದೆ. ಅಮ್ಮನ ಹತ್ರ ಎರಡು ಮಾತಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ’ ಎಂದು ಅವಳು ಫೋನಿನಲ್ಲಿ ಕೇಳಿದಾಗ ನಾನು ಅನುವಾದವಾಗಿ ಬಂದ ಒಂದು ದಪ್ಪ ಕಾದಂಬರಿಯ ನಡುವಿನಲ್ಲಿದ್ದೆ. ಅದರಲ್ಲಿ ಯಾರು ಯಾರ ಸೋದರತ್ತೆ ಎಂಬುದು ಆಗತಾನೇ ಸ್ಪಷ್ಟವಾಗತೊಡಗಿತ್ತು. ಅಂಥ ಹೊತ್ತಿನಲ್ಲಿ ಎದ್ದುಬರುವುದು ಯಾವ ಓದುಗನಿಗೂ ಶೋಭೆಯಲ್ಲ.

ಆದ್ದರಿಂದ ಒಂದು ಉಪಾಯ ಮಾಡಿದೆ. ಮಧ್ಯಾಹ್ನ ಹೆಂಡತಿಯೂ ನಾದಿನಿಯೂ ಹರಟುತ್ತ ಕೂರುವ ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಹಿಂದೆ, ತಮ್ಮನ್ನು ಬಿಟ್ಟು ಬಂದೆ. ನಾನು ಇತ್ತ ನಿಶ್ಶಬ್ದದಲ್ಲಿ ಓದಿದೆ. ತಾವು ಅತ್ತ ನನ್ನ ಹೆಸರಿನಲ್ಲಿ ದುಡಿದಿರಿ. ಒಂದೇ ವಾರದಲ್ಲಿ ಗಿಡದ ತುಂಬ ಹೂ. ನಾನು ಬೆರೆಯುವ ಸ್ವಭಾವದವನೆಂದು ತಾವು ಅಭಿನಂದಿಸಿದಿರಿ. ಮದುವೆಯಾದಂದಿನಿಂದ ಯಾರೂ ಹೊರಿಸದ ಆರೋಪ ಅದು.

ಆ ವಾರವೇ ಹೆಂಡತಿ ಬಾಗಿಲಲ್ಲಿ ನಿಂತು ಏನೋ ಕೇಳಿದಳು. ತುಟಿ ಆಡಿದ್ದು ಕಂಡಿತು. ಗ್ಯಾಸ್ ಸಿಲಿಂಡರಿನ ವಿಷಯವಿರಬಹುದೆಂದು ‘ಹಾಗೇ ಮಾಡು’ ಎಂದೆ. ಪಾಪ, ಕೇಳಿಸಿರಲಿಕ್ಕಿಲ್ಲ ಎಂದು ಅವಳು ಕ್ಷಮಿಸಿ ಹೋದಳಂತೆ. ಆದರೆ ವಾರವಿಡೀ ನಾನು ಗಂಟೆಗಟ್ಟಲೆ ಮಾತು ಕೇಳಿಸಿಕೊಂಡೆನೆಂಬ ತಮ್ಮ ವರದಿಯನ್ನು ಮಗಳು ಹೆಮ್ಮೆಯಿಂದ ತಾಯಿಗೆ ಕಳಿಸಿಬಿಟ್ಟಳು. ಮುಂದಿನದು ತಮ್ಮ ದಯೆಯಿಂದ ಒಂದಕ್ಷರವೂ ಬಿಡದೆ ಕೇಳಿಸಿತು: ‘ಗುರುವಾರ ನನ್ನ ಕಣ್ಣಿನ ಆಪರೇಷನ್‌ಗೆ ಬರ್ತೀರಾ, ಇಲ್ಲ ತಂಗೀನೇ ಕರ್ಕೊಂಡು ಹೋಗ್ಲಾ ಅಂದ್ರೆ ಹಾಗೇ ಮಾಡು ಅಂದ್ರಲ್ಲ. ಇಷ್ಟು ವರ್ಷ ಕಿವುಡು ಅಂದ್ಕೊಂಡಿದ್ದೆ. ಜಾಣಕಿವುಡು ಅಂತ ಮೆಷಿನ್ನೇ ಹೇಳ್ತು.’

ಅಂದಿನಿಂದ ನಿನ್ನೆಯವರೆಗೆ ಅವಳು ನನ್ನೊಡನೆ ಮಾತಾಡಲಿಲ್ಲ. ತಾವು ಎದ್ದಾಗಿನಿಂದ ಮಲಗುವವರೆಗೆ ನನ್ನ ಕಿವಿಯಲ್ಲೇ ಇದ್ದಿರಿ, ಕೇಳಲು ಏನೂ ಇರಲಿಲ್ಲ. ಇದನ್ನು ತಾವು ‘ಹಿತಕರ, ಪ್ರಶಾಂತ ವಾತಾವರಣ’ ಎಂದು ವರದಿ ಮಾಡಿದ್ದೀರಿ. ಇದಕ್ಕಿಂತ ನಯವಾಗಿ ನನಗೂ ಹೇಳಲಾಗುತ್ತಿರಲಿಲ್ಲ.

ಆದುದರಿಂದ ನಾನು ನಿಜವಾಗಿಯೂ, ಪ್ರಾಮಾಣಿಕವಾಗಿ ಕಿವುಡನೆಂದು ಹೆಂಡತಿಯ ಹೆಸರಿಗೆ ಒಂದು ದೃಢೀಕರಣ ಪತ್ರ ನೀಡಬೇಕೆಂದು ಕೋರುತ್ತೇನೆ. ಅದು ನಿಯಮಕ್ಕೆ ವಿರುದ್ಧವಾದರೆ, ಆ ಮಧ್ಯಾಹ್ನಗಳಲ್ಲಿ ಅವಳು ಆಪರೇಷನ್ನಿಗೆ ಹೆದರಿಕೆ ಎಂದಳೇ ಎಂಬುದನ್ನಷ್ಟಾದರೂ ತಿಳಿಸಿ. ತಮ್ಮಲ್ಲಿ ಎಷ್ಟು ಹೊತ್ತು ಮಾತಾಯಿತೆಂಬ ಲೆಕ್ಕವಿದೆ, ಏನು ಮಾತಾಯಿತೆಂಬುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಆ ವಿಷಯದಲ್ಲಿ ನಾನೂ ತಮ್ಮಷ್ಟೇ ಮುಂದುವರಿದವನು.

ಕೊನೆಗೆ ನಿನ್ನೆ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ನಾದಿನಿ ನಗು ತಡೆಯಲಾರದೆ ಲೋಟ ಕೆಳಗಿಟ್ಟು, ‘ಭಾವ, ಆ ವಾರ ನಾವು ಬೈದಿದ್ದೆಲ್ಲ ನಿಮ್ಮನ್ನೇ’ ಎಂದಳು. ಹೆಂಡತಿ ನಗಲಿಲ್ಲ. ‘ಹಾಗಾದ್ರೆ ಗುರುವಾರ ಆ ಮೆಷಿನ್ನನ್ನೇ ಕಳಿಸಿ. ಅದು ಒಂದು ವಾರ ಪೂರ್ತಿ ಎದ್ದುಹೋಗದೆ ನನ್ನ ಮಾತು ಕೇಳಿದೆ. ನೀವು ಓದ್ಕೊಳ್ಳಿ’ ಎಂದಳು.

ಆಹ್ವಾನ ತಮಗಿದೆ, ನನಗಿಲ್ಲ. ಆದರೆ ತಮಗೆ ಕಾಲಿಲ್ಲ. ಹೊತ್ತುಕೊಂಡು ಬರಲು ಯಾವುದಾದರೊಂದು ಕಿವಿ ಬೇಕಾಗುತ್ತದೆ. ಆ ಕೆಲಸಕ್ಕೆ ಇದನ್ನೇ ನನ್ನ ಅರ್ಜಿಯೆಂದು ಪರಿಗಣಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಎಡಗಿವಿಯ ಹೆಸರಿಗಷ್ಟೇ ಮಾಲೀಕ

ತಾ.ಕ.: ತಾವು ಪೂರ್ತಿ ಚಾರ್ಜ್ ಆಗಿದ್ದೀರಾ ಎಂದು ಅವಳು ಈಗಷ್ಟೇ ಬಂದು ಕೇಳಿ ಹೋದಳು. ನನ್ನ ವಿಷಯ ಏನೂ ಕೇಳಲಿಲ್ಲ. ಆದರೆ ನನ್ನ ಇಸ್ತ್ರಿ ಮಾಡಿದ ಅಂಗಿ ಕುರ್ಚಿಯ ಮೇಲಿದೆ. ಆಸ್ಪತ್ರೆಯ ಬೆಂಚಿನಲ್ಲಿ ನಾವಿಬ್ಬರೂ ಬಹುಶಃ ಏನೂ ಮಾತಾಡದೆ ಪಕ್ಕಪಕ್ಕ ಕೂತಿರುತ್ತೇವೆ. ಅದನ್ನು ದಯವಿಟ್ಟು ಅಳೆಯಲು ಹೋಗಬೇಡಿ, ತಾವಿನ್ನೂ ಹೊಸಬರು.