ಸುದ್ದಿಗಾಗಿ ಒಂದು ಶಾಲು

ಪೇಪರಿನಲ್ಲಿ ನನ್ನ ಹೆಸರು ಬರಬೇಕೆಂದು ನಾನು ಎಂದೂ ಆಸೆಪಟ್ಟವನಲ್ಲ. ನಮ್ಮ ಕಡೆ ಬೆಳಗ್ಗೆ ಪೇಪರು ಬಂದರೆ ಎಲ್ಲರೂ ಮೊದಲು ಬಿಡಿಸುವುದು ನಿಧನದ ಪುಟವನ್ನು. ಹಾಗಾಗಿ ಹೇಗೂ ಒಂದು ದಿನ ಫೋಟೊ ಸಮೇತ ನಾನೂ ಬಂದೇ ಬರುತ್ತೇನೆ, ಅವಸರ ಏನು ಎಂಬ ನೆಮ್ಮದಿಯಲ್ಲಿದ್ದೆ. ಆದರೆ ವ್ಯಾಪಾರ ಮನುಷ್ಯನ ಕೈಯಲ್ಲಿ ಏನೇನೋ ಮಾಡಿಸುತ್ತದೆ. ನನ್ನದು ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಗಡಿಯ ಪುಂಜಾಲಕಟ್ಟೆಯಲ್ಲಿ ಹತ್ತಿ ಹಾಸಿಗೆಯ ಅಂಗಡಿ, ತಂದೆ ಇಟ್ಟದ್ದು. ಈಗ ಜನ ಮೊಬೈಲಿನಲ್ಲಿ ಒತ್ತಿ ಫೋಮಿನ ಹಾಸಿಗೆ ತರಿಸುತ್ತಾರೆ. ಅದು ಸುರುಳಿ ಸುತ್ತಿಕೊಂಡು ಬಂದು, ಪ್ಲಾಸ್ಟಿಕ್ ಕತ್ತರಿಸಿದ ಕೂಡಲೇ ತಾನಾಗಿಯೇ ಉಬ್ಬುತ್ತದಂತೆ. ನಮ್ಮ ಹಾಸಿಗೆ ತಾನಾಗಿ ಉಬ್ಬುವುದಿಲ್ಲ. ಅದಕ್ಕೆ ಹಸನಾಕ ಬೇಕು.

ಹಸನಾಕ ಎಂದರೆ ಹಸನ್ ಬ್ಯಾರಿ, ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ನಮ್ಮ ಅಂಗಡಿಯಲ್ಲಿ ಹಾಸಿಗೆ ಹೊಲಿಯುವವರು. ಹತ್ತಿಯನ್ನು ಅಂಗೈಯಲ್ಲಿ ಒತ್ತಿ ಒತ್ತಿ ನೋಡಿ, ದಬ್ಬಣ ಹಿಡಿದು ಕೂತರೆಂದರೆ ಹಾಸಿಗೆಯಲ್ಲಿ ಒಂದು ಗಂಟು ಸಿಕ್ಕಲಿಕ್ಕಿಲ್ಲ. ಗಂಟಿದ್ದರೆ ಮಲಗಿದವನು ಬೈಯುವುದು ಅಂಗಡಿಯವನನ್ನಲ್ಲ, ಹೊಲಿದವನನ್ನು ಎಂಬುದು ಅವರ ಸಿದ್ಧಾಂತ. ಅಂಥವರು ಈಚೆಗೆ ಬೆಳಗ್ಗೆ ಬಂದು, ಹೊಲಿದಿಟ್ಟ ಅವೇ ನಾಲ್ಕು ಹಾಸಿಗೆಗಳ ಧೂಳು ಹೊಡೆದು, ಸಂಜೆ ಪುನಃ ಅವುಗಳದ್ದೇ ಧೂಳು ಹೊಡೆದು ಮನೆಗೆ ಹೋಗುತ್ತಿದ್ದರು. ಇವರನ್ನು ಹೀಗೆ ಎಷ್ಟು ದಿನ ಇಟ್ಟುಕೊಳ್ಳಲಿಕ್ಕಾಗುತ್ತದೆ ಎಂಬ ಯೋಚನೆ ನನಗೂ ಬಂದದ್ದುಂಟು. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಹೇಳಲು ಧೈರ್ಯ ಸಾಲುವುದಿಲ್ಲ.

ಪೇಪರಿನ ದಾರಿ ತೋರಿಸಿದವಳು ನನ್ನ ಹೆಂಡತಿ ಸುಮತಿ. ಜಾಹೀರಾತನ್ನು ಯಾರೂ ನಂಬುವುದಿಲ್ಲ, ಸುದ್ದಿಯಾದರೆ ಎಲ್ಲರೂ ನಂಬುತ್ತಾರೆ, ಮೇಲಾಗಿ ಅದು ಪುಕ್ಕಟೆ ಎಂದಳು. ನಾನು ಮೂರು ಪುಟದ ಟಿಪ್ಪಣಿ ಬರೆದೆ. 'ಅನಾದಿ ಕಾಲದಿಂದಲೂ ಮಾನವನು ನಿದ್ರಿಸುತ್ತಾ ಬಂದಿದ್ದಾನೆ' ಎಂದು ಅದರ ಆರಂಭ. ನಮ್ಮ ಅಂಗಡಿ ಬರುವುದು ಎರಡನೆಯ ಪುಟದ ಕೊನೆಗೆ. ಇದನ್ನು ಹಿಡಿದುಕೊಂಡು ಬಂಟ್ವಾಳದ ವರದಿಗಾರರಲ್ಲಿಗೆ ಹೋದರೆ, ಪುಂಜಾಲಕಟ್ಟೆ ಬೆಳ್ತಂಗಡಿಯವರಿಗೆ ಸೇರಿದ್ದು ಎಂದರು. ಬೆಳ್ತಂಗಡಿಯವರು ನಿಮ್ಮ ಅಂಗಡಿ ರಸ್ತೆಯ ಯಾವ ಬದಿಗೆ ಎಂದು ಕೇಳಿ, ಹಾಗಾದರೆ ಅದು ಬಂಟ್ವಾಳ ಎಂದರು. ಹಿಂದೊಮ್ಮೆ ಚರಂಡಿ ಕಟ್ಟಿಕೊಂಡು ಅಂಗಡಿಗೆ ನೀರು ನುಗ್ಗಿದಾಗಲೂ ಹೀಗೆಯೇ ಎರಡೂ ತಾಲೂಕು ನನ್ನನ್ನು ಬಿಟ್ಟುಕೊಟ್ಟಿದ್ದವು. ಆ ನೀರು ಮಾತ್ರ ಯಾವ ತಾಲೂಕಿಗೂ ಹೋಗದೆ ನನ್ನಲ್ಲೇ ಎರಡು ದಿನ ನಿಂತಿತ್ತು.

ಕೊನೆಗೆ ಮೂಡುಬಿದಿರೆಯ ಒಬ್ಬರು ವರದಿಗಾರರು ಮೂರೂ ಪುಟ ಓದಿದರು. ಓದಿದರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವರು ಕೇಳಿದ್ದು, ಇದರಲ್ಲಿ ಸುದ್ದಿ ಎಲ್ಲುಂಟು ಎಂದು. ಹತ್ತಿ ಹಾಸಿಗೆ ಸೊಂಟಕ್ಕೆ ಒಳ್ಳೆಯದು ಎಂದೆ. ಅದು ಜಾಹೀರಾತು, ವಿಭಾಗ ಬೇರೆ ಎಂದರು. ನನ್ನ ಮುಖ ನೋಡಿ ಕನಿಕರ ಹುಟ್ಟಿರಬೇಕು. "ಒಂದು ಕಾರ್ಯಕ್ರಮ ಮಾಡಿ ಮಾರಾಯ್ರೆ. ಯಾರಿಗಾದರೂ ಸನ್ಮಾನ ಮಾಡಿ. ಸನ್ಮಾನ ಆದ್ರೆ ಹಾಕ್ಲಿಕ್ಕೆ ಆಗ್ತದೆ. ನಮ್ಮ ಬಂಟ್ವಾಳದವರಿಗೆ ನಾನೇ ಹೇಳ್ತೇನೆ" ಎಂದರು.

ಸನ್ಮಾನಕ್ಕೆ ಹಸನಾಕ ಅಲ್ಲದೆ ನನ್ನಲ್ಲಿ ಬೇರೆ ಯಾರಿದ್ದಾರೆ? ಅಂಗಡಿಯ ಎದುರು ಶಾಮಿಯಾನ ಹಾಕಿಸಿದೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಎಲ್ಲವೂ ಬಂತು. ಮುಖ್ಯ ಅತಿಥಿಯಾಗಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರರನ್ನು ಕರೆದೆ. ನಾನು ಮಾಡಿದ ತಪ್ಪು ಅದೇ. ಸರ್ವೀಸಿನುದ್ದಕ್ಕೂ ಬೀಳ್ಕೊಡುಗೆಯ ಭಾಷಣವನ್ನೇ ಮಾಡಿದ ಪುಣ್ಯಾತ್ಮರು ಅವರು. ಶಾಲು ಕಂಡದ್ದೇ ತಡ, ಬಾಯಿ ತಾನಾಗಿ ಆ ದಾರಿ ಹಿಡಿಯಿತು. 'ಇಷ್ಟು ವರ್ಷ ದುಡಿದ ಈ ಕೈಗಳಿಗೆ ಇನ್ನು ವಿಶ್ರಾಂತಿ ಸಿಗಲಿ, ನಿವೃತ್ತ ಜೀವನ ಸುಖಮಯವಾಗಲಿ' ಎಂದು ಮುಗಿಸಿದರು. ಹಸನಾಕ ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ನಾನು ಎದ್ದು, ಇದು ಬೀಳ್ಕೊಡುಗೆ ಅಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ವಂದನಾರ್ಪಣೆ ನನ್ನದಿತ್ತು, ಎದುರಿಗೆ ಫೋಟೊ ತೆಗೆಯುತ್ತಿದ್ದರು, ಅತಿಥಿಗಳನ್ನು ತಿದ್ದುವುದು ಮರ್ಯಾದೆಯಲ್ಲ ಅನ್ನಿಸಿತು. ವಂದಿಸಿದೆ.

ಮೂರನೆಯ ದಿನ ಸುದ್ದಿ ಬಂತು. 'ಹಾಸಿಗೆ ಹೊಲಿಯುವ ಹಸನ್ ಅವರಿಗೆ ಬೀಳ್ಕೊಡುಗೆ.' ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು, ಪ್ರಾರ್ಥಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ಹಾದಿಯಲ್ಲಿ ಹೋಗುತ್ತಾ ಟೀ ಕುಡಿಯಲು ನಿಂತವರು, ಎಲ್ಲರ ಹೆಸರೂ ಇತ್ತು. 'ಸದಾನಂದ ವಂದಿಸಿದರು' ಎಂದು ನಾನೂ ಇದ್ದೆ. ಅಂಗಡಿ ಮಾತ್ರ 'ಪುಂಜಾಲಕಟ್ಟೆಯ ಅಂಗಡಿಯೊಂದು' ಆಗಿತ್ತು. ನಾನು ಅದನ್ನು ನಾಲ್ಕು ಸಲ ಓದಿ, ಹಸನಾಕರಿಗೆ ತೋರಿಸೋಣವೆಂದು ಮಡಚಿಟ್ಟುಕೊಂಡು ಕಾದೆ. ಸನ್ಮಾನ ಮುಗಿದ ಮೇಲೆ ಎರಡು ದಿನ ಬಾರದಿದ್ದಾಗ ದಣಿವಾಗಿರಬೇಕು ಎಂದುಕೊಂಡಿದ್ದೆ. ಅಂದೂ ಅವರು ಬರಲಿಲ್ಲ. ಮರುದಿನವೂ ಬರಲಿಲ್ಲ.

ಅವರ ಮನೆಗೆ ಹೋದೆ. ಹಜಾರದ ಗೋಡೆಯಲ್ಲಿ ಆ ಸುದ್ದಿ ಆಗಲೇ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಪಕ್ಕದ ಮೊಳೆಯಲ್ಲಿ ಪೇಟ. ಹಸನಾಕ ಚಾ ಕೊಡಿಸಿದರು, ತುಂಬ ಹೊತ್ತು ಹತ್ತಿಯ ಮಾತಾಡಿದರು. ನಾಳೆಯಿಂದ ಬನ್ನಿ ಎಂದೆ. ಅವರು ನಕ್ಕರು.

"ಬಾಯಿಬಿಟ್ಟು ಹೋಗಿ ಅಂತ ಹೇಳ್ಲಿಕ್ಕೆ ನಿಮಗೆ ಆಗ್ಲಿಲ್ಲ, ಅದಕ್ಕೇ ಶಾಲು ಹಾಕಿದ್ದು ಅಂತ ನನಗೆ ಅಲ್ಲೇ ಗೊತ್ತಾಯ್ತು ಸದಾನಂದಣ್ಣ. ಬೇಸರ ಇಲ್ಲ. ಯಾವ ಧಣಿ ಇಷ್ಟು ಮರ್ಯಾದೆಯಲ್ಲಿ ಕಳಿಸ್ತಾನೆ? ದುಬಾಯಿಯಿಂದ ಮಗ ಫೋನ್ ಮಾಡಿ ಅತ್ತ. ಇನ್ನು ಪುನಃ ಬಂದು ಕೂತರೆ ಈ ಪೇಪರು ಸುಳ್ಳಾಗ್ತದೆ."

ಶಾಲು ನಿಮ್ಮನ್ನು ಕಳಿಸಲಿಕ್ಕೆ ಹಾಕಿದ್ದಲ್ಲ ಎನ್ನಬೇಕಿತ್ತು. ಹಾಗಾದರೆ ಯಾಕೆ ಹಾಕಿದ್ದು ಎಂದು ಕೇಳಿದರೆ? ನಿಮಗೆ ಮರ್ಯಾದೆ ಮಾಡಲಿಕ್ಕೂ ಅಲ್ಲ, ಪೇಪರಿನವರು ಶಾಲು ಕೇಳಿದರು, ಹೊದಿಸಲು ಒಂದು ಹೆಗಲು ಬೇಕಿತ್ತು ಎಂದು ಆ ಗೋಡೆಯ ಎದುರು ಕೂತು ಹೇಳುವುದು ಹೇಗೆ? ಚಾ ಕುಡಿದು ಎದ್ದು ಬಂದೆ. ದಾರಿಯುದ್ದಕ್ಕೂ ಸಂಕಟವಾಗುತ್ತಿತ್ತು. ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ಸಂಕಟದ ಅಡಿಯಲ್ಲಿ ಎಲ್ಲೋ ಸ್ವಲ್ಪ ನಿರಾಳವೂ ಇತ್ತು.

ಸುದ್ದಿಯಿಂದ ಪ್ರಯೋಜನವೇ ಆಗಲಿಲ್ಲ ಎನ್ನುವಂತಿಲ್ಲ. ಕಳೆದ ವಾರ ಮುಂಡಾಜೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಪೇಪರಿನಲ್ಲಿ ನೋಡಿದ್ದಂತೆ, ಯಾರ್ಯಾರನ್ನೋ ಕೇಳಿ ನನ್ನ ನಂಬರು ಹುಡುಕಿದ್ದಂತೆ. ಅಳತೆ ಬರೆದುಕೊಳ್ಳಲು ಪೆನ್ನು ತೆಗೆದೆ. "ಆ ಹಸನ್ ಬ್ಯಾರಿಗಳು ಈಗ ಮನೆಯಲ್ಲೇ ಇದ್ದಾರಲ್ಲ, ಅವರ ಕೈಯಿಂದಲೇ ಎರಡು ಹಾಸಿಗೆ ಮಾಡಿಸ್ಬೇಕಿತ್ತು. ಅವರ ನಂಬರ್ ಉಂಟಾ?" ಎಂದರು. ಒಂದೊಂದೇ ಅಂಕೆ ಬಿಡಿಸಿ ಹೇಳಿದೆ. ತಪ್ಪಬಾರದೆಂದು ಇನ್ನೊಮ್ಮೆ ಹೇಳಿದೆ.

ಅಂಗಡಿಯಲ್ಲಿ ಈಗ ದಬ್ಬಣ ಹಿಡಿಯುವವನು ನಾನೇ. ನಾನು ಹೊಲಿದ ಮೊದಲ ಹಾಸಿಗೆಯನ್ನು ಕೊಳ್ಳುವ ಧೈರ್ಯ ಯಾರಿಗೂ ಬಾರದ್ದರಿಂದ ಅದು ನಮ್ಮ ಮನೆಯ ಮಂಚದ ಮೇಲಿದೆ. ಬೆನ್ನಿಗೆ ಎಲ್ಲಿ ನೋಡಿದರೂ ಗಂಟು. ಸುಮತಿ ಅದರಲ್ಲಿ ಮಲಗಿ, ಹೊಲಿದವನಿಗೆ ದಿನಾ ಬೆಳಗ್ಗೆ ಬೈಯುತ್ತಾಳೆ. ಹಸನಾಕರನ್ನೇ ಕರೆಸಿ ಬಿಚ್ಚಿ ಹೊಲಿಸಿ ಎನ್ನುತ್ತಾಳೆ. ಮೊನ್ನೆ ಫೋನ್ ಮಾಡಿಯೂ ನೋಡಿದೆ. ಕೈತುಂಬ ಕೆಲಸ ಉಂಟು, ಸ್ವಲ್ಪ ದಿನ ಕಾಯಬೇಕು ಎಂದರು.