ಗಿಟಾರಿನ ಹೊಟ್ಟೆಯೂ ನನ್ನ ಮಧ್ಯಾಹ್ನದ ನಿದ್ದೆಯೂ

ನಿದ್ದೆಗೂ ವೇಳಾಪಟ್ಟಿ ಇರಬೇಕೆಂದು ನಂಬಿದವನು ನಾನು. ಮೂವತ್ತೈದು ವರ್ಷ ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿದಾಗ ಎದ್ದು, ಭೋಂಗಾ ಕೂಗಿದಾಗ ಉಂಡವನಿಗೆ, ನಿವೃತ್ತಿಯ ನಂತರ ಉಳಿದ ಸುಖವೆಂದರೆ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆಯವರೆಗಿನ ನಿದ್ದೆ. ಕಾಗವಾಡದ ಹೊರಗೆ, ದ್ರಾಕ್ಷಿ ತೋಟದಲ್ಲಿರುವ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಹೊತ್ತುಂಟು. ಸಂಜೆಯ ಊಟ ಸೂರ್ಯ ಮುಳುಗುವ ಮೊದಲೇ ಮುಗಿಯುತ್ತದೆ. ತೋಟದ ಲೈನಿಗೆ ಕರೆಂಟು ಬರುವ, ಹೋಗುವ ಹೊತ್ತನ್ನು ವಾರವಾರ ಬರೆದು ಗೋಡೆಗೆ ಅಂಟಿಸುವುದೂ ನನ್ನದೇ ಕೆಲಸ.

ಈ ನಿದ್ದೆಗೆ ಕಲ್ಲು ಬಿದ್ದದ್ದು, ಕಾಲೇಜಿನ ಗ್ಯಾದರಿಂಗ್‌ನಲ್ಲಿ ನುಡಿಸಲೆಂದು ಮೊಮ್ಮಗಳು ಪದ್ಮಾ ಗಿಟಾರ್ ತಂದಾಗ. ಬೆಳಗಿನ ಕಾಲೇಜು ಮುಗಿಸಿ, ಉಂಡು, ಸರಿಯಾಗಿ ಒಂದೂವರೆಗೆ ಕೂರುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅವಳು ತಂತಿ ಮೀಟಿದರೆ ಇಲ್ಲಿ ನನ್ನ ಮಂಚ ಝುಮ್ಮೆನ್ನುತ್ತಿತ್ತು. "ಬ್ಯಾರೆ ಹೊತ್ತಿನ್ಯಾಗ ಬಾರಸವಾ" ಎಂದೆ. "ದಿನಾ ಒಂದ ಹೊತ್ತಿಗೆ ಕುಂಡ್ರಬೇಕಂತ ಸಣ್ಣಾಕಿದ್ದಾಗಿಂದ ನೀವ ಹೇಳೀರಲ್ರಿ ಅಜ್ಜಾ!" ಎಂದಳು. ಒಂದು ದಿನ ಅವಳಿಲ್ಲದಾಗ ಗಿಟಾರಿನ ತೂತಿಗೆ ಹರಕು ಕೌದಿಯ ತುಂಡುಗಳನ್ನು ತುರುಕಿದೆ. ಹೆಂಡತಿ ಕಂಡು, "ಯಾಕ್ರಿ, ಅದಕ್ಕ ಥಂಡಿ ಹತ್ತೈತೇನ?" ಎಂದಳು. ಒಂದೊಂದೇ ತುಂಡು ಹೊರಗೆಳೆದೆ.

ಕೊನೆಗೆ ಪದ್ಮಾಳನ್ನೂ ಗಿಟಾರನ್ನೂ ಕರೆದುಕೊಂಡು ಮಿರಜಿನ ಬಸ್ಸು ಹತ್ತಿದೆ. ಅಲ್ಲಿ ಸಿತಾರ್ ಮಾಡುವ ಚಾಚಾ ಒಬ್ಬರಿದ್ದಾರೆ, ಗಿಟಾರೂ ಮಾರುತ್ತಾರೆ. ಇದರ ಸದ್ದು ಕಡಿಮೆ ಮಾಡಲು ಬರುತ್ತದೆಯೇ ಎಂದು ಕೇಳಿದೆ.

"ಹೆಂಗ ಬರತೈತ್ರಿ ಸಾಹೇಬ್ರ? ಇದು ಸಿತಾರದ ಬುರುಡಿ ಇದ್ದಂಗ. ಹೊಟ್ಟಿ ಖಾಲಿ, ಮ್ಯಾಲಿನ ಹಲಗಿ ಹಪ್ಪಳದಂಗ ತೆಳು. ತಂತಿ ನಡುಗಿದ್ರ ಹಲಗಿ ನಡಗತೈತಿ, ಒಳಗಿನ ಗಾಳಿ ಒದರತೈತಿ." ಹಾಗೆಂದು ಗೋಡೆಯಿಂದ ಎಲೆಕ್ಟ್ರಿಕ್ ಗಿಟಾರೊಂದನ್ನು ಇಳಿಸಿ ನನ್ನ ಕೈಗಿಟ್ಟರು. ನೋಡಲು ಚಪ್ಪಟೆ, ಹಿಡಿದರೆ ಒಳ್ಳೇ ಭಾರ. "ಇದರಾಗ ಪೊಳ್ಳ ಇಲ್ರಿ, ಇಡೀ ಕಟಗಿ. ಉಕ್ಕಿನ ತಂತಿ. ಅದರ ಕೆಳಗ ಮ್ಯಾಗ್ನೆಟ್, ಅದಕ್ಕ ಸಣ್ಣ ತಾಮ್ರದ ತಂತಿ ಸುತ್ತಿರತಾರ, ನಿಮ್ಮ ಪಂಪಿನ ಮೋಟರಿಗೆ ಸುತ್ತಿದಂಗ. ತಂತಿ ನಡುಗಿದ್ದು ಕರೆಂಟ್ ಆಗಿ ಈ ಸ್ಪೀಕರ್ ಪೆಟ್ಟಿಗಿಗೆ ಹೋಗತೈತಿ. ಒದರೂದು ಪೆಟ್ಟಿಗಿ."

"ಪೆಟ್ಟಿಗಿಗೆ ಕರೆಂಟ್ ಇರಲಿಲ್ಲಂದ್ರ?" ದನಿ ಸಹಜವಾಗಿರುವಂತೆ ನೋಡಿಕೊಂಡು ಕೇಳಿದೆ.

"ಸೊಳ್ಳಿ ಗುಂಯ್ ಅಂದಂಗ, ಅಷ್ಟ ರೀ."

ಪದ್ಮಾಳ ಕಣ್ಣು ಆ ಗಿಟಾರ್ ಕಂಡೇ ಅರಳಿತ್ತು. ನನ್ನದು ಈಗ ಅರಳಿತು. ಗೋಡೆಯ ಪಟ್ಟಿಯ ಪ್ರಕಾರ ನಮಗೆ ಹನ್ನೆರಡರಿಂದ ನಾಲ್ಕರವರೆಗೆ ಕರೆಂಟಿಲ್ಲ! ಹಳೆಯದನ್ನು ಕೊಟ್ಟು ಹೊಸದನ್ನೂ ಪೆಟ್ಟಿಗೆಯನ್ನೂ ತಂದೆ. ಮೊಮ್ಮಗಳೆಂದರೆ ಎಷ್ಟು ಪ್ರೀತಿ ಎಂದು ಮನೆಯವರೆಲ್ಲ ಹೊಗಳಿದರು. ನಾನೂ ತಲೆ ತಗ್ಗಿಸಿ ಹೊಗಳಿಸಿಕೊಂಡೆ.

ಮರುದಿನ ಹನ್ನೆರಡಕ್ಕೆ ಕರೆಂಟು ಹೋಯಿತು. ನೆಮ್ಮದಿಯಿಂದ ಮಲಗಿದೆ. ಸರಿಯಾಗಿ ಒಂದೂವರೆಗೆ ಕಾರ್ಖಾನೆಯ ಭೋಂಗಾವೇ ಪಕ್ಕದ ಕೋಣೆಗೆ ಬಂದಂತೆ ಸದ್ದು! ಮೇಲೆ ನೋಡಿದರೆ ಫ್ಯಾನು ನಿಂತೇ ಇದೆ. ಓಡಿದೆ. "ಎಲ್ಲಿಂದ ಬಂತವಾ ಕರೆಂಟ್?"

"ಪೆಟ್ಟಿಗ್ಯಾಗ ಬ್ಯಾಟರಿ ಐತ್ರಿ ಅಜ್ಜಾ. ನಿಮ್ಮ ಪಟ್ಟಿ ನೋಡಿ ಮುಂಜಾನೇನ ಚಾರ್ಜಿಗೆ ಹಚ್ಚಿದ್ದೆ. ಪಟ್ಟಿ ಭಾಳ ಕರೆಕ್ಟ್ ಬರದೀರಿ ನೋಡ್ರಿ!"

ಅಂದಿನಿಂದ ಒಂದೂ ಇಪ್ಪತ್ತಕ್ಕೇ ಮಲಗಿ, ಕಣ್ಣು ಬಿಟ್ಟುಕೊಂಡು, ಗಡಿಯಾರ ನೋಡುತ್ತ ಆ ಸದ್ದಿಗೆ ಕಾಯುತ್ತೇನೆ. ನಿನ್ನೆ ಒಂದೂವರೆ ದಾಟಿತು, ಒಂದೂ ಮೂವತ್ತೈದಾಯಿತು. ಸದ್ದಿಲ್ಲ. ನಿದ್ದೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಆದರೆ ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ, ಜೀವ ತಡೆಯಲಿಲ್ಲ. ಎದ್ದು ಹೋಗಿ ಅವಳ ಬಾಗಿಲು ಬಡಿದೆ.

"ಐದ ಮಿನಿಟ್ ತಡಾ ಆತು! ಹೊತ್ತಿಗೆ ಸರಿಯಾಗಿ ಕುಂಡ್ರೂದು ಯಾವಾಗ ಕಲೀತಿ?"