ಎಡಗಡೆಯ ಸ್ಟ್ಯಾಂಡು

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳ ನಾಗರಿಕರಿಗೆ ಕಿವಿಗಳಿವೆ. ಈ ಸಂಗತಿ ಅಧಿಕೃತವಾಗಿ ಗಮನಕ್ಕೆ ಬಂದ ಮೇಲೆ ತ್ರಿತಾಲೂಕು ಶ್ರವಣಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ಮಂಡಳಿಗೊಂದು ಭವನ ಕಟ್ಟಿದರು. ಮಂಡಳಿಯ ಪ್ರಕಟಣೆಗಳನ್ನು ಜನ ಕೂತು ಕೇಳಲಿ ಎಂದು ಒಂದು ಹೋಮ್ ಥಿಯೇಟರ್ ತರಿಸಿದರು. ಅದರಲ್ಲಿ ನೆಲದ ಮೇಲೆ ತಾನಾಗಿಯೇ ಕೂಡುವ ದೊಡ್ಡ ಡಬ್ಬಿಯೊಂದು, ತಾವಾಗಿ ಎಲ್ಲಿಯೂ ಕೂಡಲಾರದ ಸಣ್ಣ ಸ್ಪೀಕರುಗಳೆರಡು ಇದ್ದವು. ಸ್ಪೀಕರು ವಿದ್ಯುತ್ ಉಪಕರಣ. ಅದನ್ನು ಇಡುವ ಸ್ಟ್ಯಾಂಡು ಪೀಠೋಪಕರಣ. ಎರಡಕ್ಕೂ ಮಂಜೂರಾತಿ ಬೇರೆ ಬೇರೆ ಕಡೆಯಿಂದ ಬರಬೇಕಾಗಿದ್ದರಿಂದ ಸ್ಪೀಕರು ಬಂದವು, ಸ್ಟ್ಯಾಂಡು ಬರಲಿಲ್ಲ.

ಉದ್ಘಾಟನೆಯ ದಿನ ಅಧ್ಯಕ್ಷರಾದ ರಾಘಣ್ಣನವರು ಎಡಗಡೆಯ ಸ್ಪೀಕರನ್ನು ದಿನಗೂಲಿ ಜವಾನ ಕರೆಪ್ಪನ ಕೈಗೆ, ಬಲಗಡೆಯದನ್ನು ಕಾವಲುಗಾರ ಶಿವನಪ್ಪನ ಕೈಗೆ ಕೊಟ್ಟರು.

"ಸ್ವಲ್ಪ ಹಿಡಕೊಂಡ ನಿಂದರು, ಕರೆಪ್ಪಾ."

"ಎಷ್ಟೊತ್ತರೀ ಸಾಹೇಬ್ರ?"

"ಸ್ಟ್ಯಾಂಡ್ ಬರೋ ತನಕ."

ಕರೆಪ್ಪ ರಾಜೂರಿನವನು. ದೀಪಾವಳಿ ಆದ ಮೇಲೆ ನರಗುಂದದಲ್ಲಿ ಅವನ ಮಗಳು ಲಕ್ಷ್ಮಿಯ ಮದುವೆ ನಿಶ್ಚಯದ ಶಾಸ್ತ್ರ ಗೊತ್ತಾಗಿತ್ತು. ಹುಡುಗಿಯ ಅಪ್ಪ ತನ್ನ ಎರಡೂ ಕೈಯಾರೆ ಗಂಡಿನವರಿಗೆ ಎಲೆ ಅಡಿಕೆ ಕೊಡದಿದ್ದರೆ ಆ ಸಂಬಂಧ ಕೂಡಿದಂತಲ್ಲ ಎಂಬುದು ಅವರಲ್ಲಿ ನಡೆದುಬಂದ ರೀತಿ. ಇದನ್ನು ಅವನು ಅಲ್ಲಿಯೇ ಅರಿಕೆ ಮಾಡಿಕೊಂಡ.

"ಅಷ್ಟರಾಗ ನಿನ್ನ ಕೈ ಖಾಲಿ ಆಗ್ತಾವ, ಕಾಳಜಿ ಬಿಡು," ಎಂದರು ರಾಘಣ್ಣ.

ಸ್ಟ್ಯಾಂಡು ಆರಿಸಲು ನರ್ಮದಾ ಮೇಡಂ ಅವರ ನೇತೃತ್ವದಲ್ಲಿ ಉಪಸಮಿತಿ ರಚನೆಯಾಯಿತು. ಉಪಸಮಿತಿ ನಿಯಮಗಳನ್ನು ಮಾಡಿತು. ಸ್ಟ್ಯಾಂಡು ಕೂತವರ ಕಿವಿಯ ಮಟ್ಟಕ್ಕಿರಬೇಕು. ಅಲುಗಬಾರದು. ಬಡಿದರೆ ಸಪ್ಪಳ ಮಾಡಬಾರದು, ಏಕೆಂದರೆ ಸಪ್ಪಳ ಮಾಡುವ ಅಧಿಕಾರ ಸ್ಪೀಕರಿನದು.

ಮೊದಲನೆಯ ನಿಯಮವೇ ಕಠಿಣವಾಯಿತು. ನರಗುಂದದ ಕಾಳಿನ ವ್ಯಾಪಾರಿಗಳು ಗಾದಿಯ ಮೇಲೆ ಲೋಡುದಿಂಬಿಗೆ ಒರಗಿ ಕೂಡುವವರು. ಅವರ ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ. ರೋಣದವರು ಎತ್ತರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂಡುತ್ತಾರೆ. ಗಜೇಂದ್ರಗಡದ ನೇಕಾರರು ಕುಣಿಮಗ್ಗದಲ್ಲಿ ಕಾಲನ್ನು ನೆಲದೊಳಗಿನ ಕುಣಿಗೆ ಇಳಿಸಿ ಕೂಡುವುದರಿಂದ ಅವರ ಕಿವಿ ನೆಲಕ್ಕೆ ಹತ್ತಿರ. ಮೇಡಂ ಟೇಪು ಹಿಡಿದು ಮೂರೂ ಕಡೆ ಅಡ್ಡಾಡಿ, ಎಲ್ಲ ಕಿವಿಗಳ ಸರಾಸರಿ ತೆಗೆದರು. ಆ ಮಟ್ಟದಲ್ಲಿ ಯಾರ ಕಿವಿಯೂ ಇರಲಿಲ್ಲವಾದ್ದರಿಂದ ಯಾವ ತಾಲೂಕಿಗೂ ಅನ್ಯಾಯವಾಗಲಿಲ್ಲ.

ನಂತರ ಮಾದರಿಗಳು ಬಂದವು. ರೋಣದಿಂದ ಬಂದ ಬೇವಿನ ಕಟ್ಟಿಗೆಯ ಸ್ಟ್ಯಾಂಡು ಹೊರಗೆ ಬಸ್ಸು ಹೋದಾಗಲೆಲ್ಲ ನಡುಗಿತು. ನರಗುಂದದ ಕಬ್ಬಿಣದ ಸ್ಟ್ಯಾಂಡನ್ನು ಬಡಿದರೆ ಸಾಲಿಯ ಗಂಟೆಯಂತೆ ಬಾರಿಸಿತು. ಪಕ್ಕದ ಸಾಲಿಯ ಮಕ್ಕಳು ಪಾಟಿಚೀಲ ಹೊತ್ತು ಮನೆಗೆ ಹೊರಟರು. ಗಜೇಂದ್ರಗಡದ ಗುಡ್ಡದ ಕಲ್ಲಿನದು ನಡುಗಲಿಲ್ಲ, ಬಾರಿಸಲಿಲ್ಲ, ಆದರೆ ನೆಲದ ಫರಶಿ ಒಡೆದುಕೊಂಡು ಕೆಳಗಿಳಿಯಿತು. ಎಲ್ಲವನ್ನೂ ತಿರಸ್ಕರಿಸಲಾಯಿತು.

ಆಗ ಕಾರ್ಯದರ್ಶಿ ಜಯಂತ ಅವರು ಒಂದು ಸೂಕ್ಷ್ಮವನ್ನು ಗಮನಿಸಿದರು.

"ಮೇಡಂ, ಇಷ್ಟ ಬಸ್ ಹೋದ್ವು. ಕರೆಪ್ಪ ಅಲುಗಿದನೇನ್ರಿ?"

ಮೇಡಂ ಟೇಪು ಹಿಡಿದರು. ಹೊಟ್ಟೆಯ ಮುಂದೆ ಕರೆಪ್ಪ ಹಿಡಿದಿದ್ದ ಸ್ಪೀಕರು ಸರಾಸರಿ ಕಿವಿಯ ಮಟ್ಟಕ್ಕೆ ಸರಿಯಾಗಿತ್ತು. ಬೆರಳಿನ ಗೆಣ್ಣಿನಿಂದ ಅವನ ಬೆನ್ನು ಬಡಿದರು. ಸಪ್ಪಳ ಬರಲಿಲ್ಲ. ಖಾತ್ರಿಗಾಗಿ ರಾಘಣ್ಣನವರು ಬಹಳ ಹೊತ್ತು ಅವನನ್ನು ಬೈದರು. ಆಗಲೂ ಬರಲಿಲ್ಲ. ಶಿವನಪ್ಪನನ್ನು ಬಡಿದಾಗ ಕೆಮ್ಮು ಬಂದದ್ದರಿಂದ ಅವನನ್ನು ಕಾವಲಿಗೆ ಹಿಂದಿರುಗಿಸಿ, ಬಲಗಡೆಯ ಸ್ಪೀಕರನ್ನು ಕಪಾಟಿನಲ್ಲಿ ಇಡಲಾಯಿತು.

ಮರುದಿನ ಭವನದ ಗೋಡೆಗೆ ಪ್ರಕಟಣೆ ಹಚ್ಚಿದರು. "ಎಡಗಡೆಯ ಸ್ಟ್ಯಾಂಡನ್ನು ಪಾರದರ್ಶಕವಾಗಿ ಆಯ್ಕೆ ಮಾಡಲಾಗಿದೆ. ಸ್ಟ್ಯಾಂಡಿಗೆ ಕೂಲಿ ಕೊಡುವ ಪದ್ಧತಿ ಇಲ್ಲದ ಕಾರಣ ಸದರಿ ಸ್ಟ್ಯಾಂಡಿನ ಕೂಲಿಯನ್ನು ನಿಲ್ಲಿಸಿ, ನಿರ್ವಹಣೆಗಾಗಿ ಎರಡು ಹೊತ್ತಿನ ರೊಟ್ಟಿ, ಪಲ್ಯ ಮತ್ತು ಒರೆಸುವ ಬಟ್ಟೆಯನ್ನು ಒದಗಿಸಲಾಗುವುದು. ಮಂಡಳಿಯ ಆಸ್ತಿಯು ರಾತ್ರಿ ಭವನದ ಹೊರಗೆ ಇರತಕ್ಕದ್ದಲ್ಲ. ಸಾರ್ವಜನಿಕರು ಸ್ಟ್ಯಾಂಡನ್ನು ಮುಟ್ಟಬಾರದು."

ಗಂಡ ಮನೆಗೆ ಬಾರದ್ದನ್ನು ಕಂಡು ಕರೆಪ್ಪನ ಹೆಂಡತಿ ಮಾಳವ್ವ ರಾಜೂರಿನಿಂದ ಬಂದಳು. ಜಯಂತ ಅವರ ಮೇಜಿನ ಮುಂದೆ ಕುರ್ಚಿ ಇದ್ದರೂ ನಿಂತೇ ಮಾತಾಡಿದಳು.

"ನಾಡದ್ದ ಮಗಳ ನಿಶ್ಚಯ ಐತ್ರಿ. ನನ್ನ ಗಂಡಗ ಸೂಟಿ ಕೊಡ್ರಿ."

"ಸೂಟಿ ನೌಕರರಿಗೆ ಕೊಡ್ತೇವವ್ವಾ. ಸ್ಟ್ಯಾಂಡಿಗೆ ಸೂಟಿ ಅಂತ ನಿಯಮ ಇಲ್ಲ."

"ಅಲ್ಲಿ ನಿಂತಾವ ನನ್ನ ಗಂಡ ಹೌದೋ ಅಲ್ಲೋ?"

"ಹೌದು. ಅದನ್ನ ನಾವು ಅಲ್ಲಗಳೆಯೂದಿಲ್ಲ."

"ಮತ್ತ ಕಳಸ್ರಿ."

"ಗಂಡನ್ನ ಕಳಸಬಹುದು. ಆದ್ರ ಗಂಡ, ಸ್ಟ್ಯಾಂಡು ಇಬ್ಬರೂ ಒಂದ ಮೈಯಾಗ ಅದಾರ ನೋಡವ್ವಾ, ಅದ ತ್ರಾಸ ಆಗೇದ."

ಮಾಳವ್ವ ಕರೆಪ್ಪನ ಕಡೆ ತಿರುಗಿದಳು. "ಏನರ ಅನ್ರಿ. ಕಂಬಾ ನಿಂತಂಗ ನಿಂತೀರಿ."

ಕರೆಪ್ಪ ಏನೂ ಅನ್ನಲಿಲ್ಲ. ಸಪ್ಪಳ ಮಾಡಿದರೆ ಆಯ್ಕೆ ರದ್ದಾಗಿ ಎರಡು ಹೊತ್ತಿನ ರೊಟ್ಟಿಯೂ ಹೋಗುತ್ತಿತ್ತು.

ಜಯಂತ ಅವರು ಕಟುಕ ಮನುಷ್ಯರಲ್ಲ. ಮಂಡಳಿಯ ಪೀಠೋಪಕರಣಗಳನ್ನು ಪ್ರದರ್ಶನಕ್ಕಾಗಿ ಬೇರೆ ತಾಲೂಕಿಗೆ ಸಾಗಿಸಬಹುದೆಂಬ ನಿಯಮವೊಂದನ್ನು ಹುಡುಕಿ ತೆಗೆದರು. ಅದರ ಪ್ರಕಾರ ಸ್ಟ್ಯಾಂಡು ಸ್ಪೀಕರು ಸಮೇತ ನರಗುಂದಕ್ಕೆ ಹೋಗಿಬರಲು ಅಪ್ಪಣೆ ಸಿಕ್ಕಿತು. ಷರತ್ತು ಒಂದೇ. ನಿಯಮಕ್ಕೆ ಸರಿಹೊಂದುವ ಇನ್ನೊಂದು ಸ್ಟ್ಯಾಂಡು ಸಿಗದ ಹೊರತು ಸ್ಪೀಕರನ್ನು ಅದರಿಂದ ಬೇರ್ಪಡಿಸಬಾರದು. ಬಸ್ಸಿನಲ್ಲಿ ಕಂಡಕ್ಟರ್ ಸ್ವಲ್ಪ ಯೋಚಿಸಿ ಕರೆಪ್ಪನಿಗೆ ಲಗೇಜ್ ಟಿಕೇಟು ಹರಿದ.

ನರಗುಂದದಲ್ಲಿ ಬೀಗ ರಾಯಣ್ಣನ ಪಡಸಾಲೆ ತುಂಬ ಮಂದಿ ಸೇರಿದ್ದರು. ತಾಟಿನಲ್ಲಿ ಎಲೆ ಅಡಿಕೆ ಸಿದ್ಧವಾಗಿತ್ತು. ಕರೆಪ್ಪನ ಕೈ ಮಾತ್ರ ಖಾಲಿ ಇರಲಿಲ್ಲ.

"ಕೆಳಗ ಇಡ್ರಿ ಅದನ್ನ," ಎಂದಳು ಮಾಳವ್ವ.

"ಷರತ್ತಿಗೆ ಹೆಬ್ಬಟ್ಟ ಒತ್ತಿ ಬಂದೀನಿ. ಕೆಳಗ ಇಡಾಕ ಬರೂದಿಲ್ಲ."

ರಾಯಣ್ಣ ನಕ್ಕ. "ಅದಕ್ಯಾಕ ಚಿಂತಿ ಬೀಗರ? ನಮ್ಮ ಮನ್ಯಾಗೂ ಹೋಮ್ ಥಿಯೇಟರ್ ಐತಿ. ಬಜಾರದಾಗ ತಂದ ಸ್ಟ್ಯಾಂಡ ಎರಡ ಅದಾವ. ಒಂದರ ಮ್ಯಾಲ ಇಡ್ರಿ, ಎಲಿ ಅಡಿಕಿ ಕೊಡ್ರಿ, ಮುಗೀತು."

ಕರೆಪ್ಪ ಆ ಸ್ಟ್ಯಾಂಡಿನ ಸುತ್ತ ಒಂದು ಸಲ ಸುತ್ತು ಹಾಕಿದ. ಮೊಣಕೈಯಿಂದ ಮೆಲ್ಲಗೆ ತಾಕಿಸಿದ. ಅದು ಟಣ್ ಎಂದಿತು.

"ಇದು ಮಾತಾಡತೈತ್ರಿ ಬೀಗರ. ಇದು ನಡಿಯೂದಿಲ್ಲ."

"ಕರಂಟ್ ಹಚ್ಚಾಕೇನ ಹೇಳೇನೇನ್ರಿ ನಾ? ಒಂದ ಗಳಿಗಿ ಇಡಾಕ."

"ಒಂದ ಗಳಿಗಿ ಅಂತನ ನನ್ನ ಕೈಯಾಗ ಕೊಟ್ಟಿದ್ರು."

ಹಿರಿಯನೊಬ್ಬ, "ಸ್ಟ್ಯಾಂಡ ಒಪ್ಪಿಗಿ ಆಗಲಿಲ್ಲಂದ್ರ ಸಂಬಂಧ ಹ್ಯಾಂಗ ಒಪ್ಪಿಗಿ ಆಕ್ಕೈತಿ?" ಎಂದು ಎದ್ದು ಚಪ್ಪಲಿ ಹುಡುಕತೊಡಗಿದ. "ನಮ್ಮ ಮನಿ ಸಾಮಾನಿಗೆ ಹೆಸರ ಇಟ್ಟಂಗಾತು," ಎಂದು ರಾಯಣ್ಣ ತಾಟನ್ನು ತನ್ನ ಕಡೆ ಎಳೆದುಕೊಂಡ. ಒಳಗಿನ ಬಾಗಿಲಲ್ಲಿ ನಿಂತಿದ್ದ ಲಕ್ಷ್ಮಿ ಅಪ್ಪನ ಕೈಯನ್ನೇ ನೋಡುತ್ತಿದ್ದಳು.

ಆಗ ಮದುವೆಯ ಗಂಡು ಹನಮಪ್ಪ ಮುಂದೆ ಬಂದ. "ಕೊಡ್ರಿ ಮಾವಾ, ನಾ ಹಿಡೀತೀನಿ."

ಕರೆಪ್ಪ ಕೊಡಲಿಲ್ಲ. ಹುಡುಗನನ್ನು ನೋಡುತ್ತ ನಿಂತ. ಹೊರಗೆ ಗೋವಿನಜೋಳ ಹೇರಿದ ಲಾರಿಯೊಂದು ಹಾದುಹೋಗಿ, ಅಡುಗೆಮನೆಯ ಡಬ್ಬಿಗಳೆಲ್ಲ ಗಲಗಲ ಎಂದವು. ಹನಮಪ್ಪ ಚಾಚಿದ ಕೈ ಚಾಚಿದಂತೆಯೇ ಇತ್ತು.

"ಕೈ ನಡಗಲಿಲ್ಲ ನೋಡಬೇ," ಎಂದಳು ಲಕ್ಷ್ಮಿ, ಅವ್ವನಿಗೆ ಮಾತ್ರ ಕೇಳುವಂತೆ.

ಕರೆಪ್ಪ ಸ್ಪೀಕರನ್ನು ಅಳಿಯನ ಕೈಗಿಟ್ಟ. ಉದ್ಘಾಟನೆಯ ನಂತರ ಹಗಲು ಹೊತ್ತಿನಲ್ಲಿ ಮೊದಲ ಸಲ ಖಾಲಿಯಾದ ಎರಡೂ ಕೈಗಳಿಂದ ಎಲೆ ಅಡಿಕೆ ಎತ್ತಿ ರಾಯಣ್ಣನಿಗೆ ಕೊಟ್ಟ. ಹಿರಿಯ ಚಪ್ಪಲಿ ಬಿಟ್ಟು ಬಂದು ಸಕ್ಕರೆ ತಿಂದ.

ಮಂಡಳಿಯ ಸ್ಪೀಕರು ಆಯ್ಕೆಯಾಗದ ಸ್ಟ್ಯಾಂಡಿನ ಮೇಲೆ ಇತ್ತೆಂಬ ವಿಷಯ ಗಜೇಂದ್ರಗಡಕ್ಕೆ ತಲುಪಿದಾಗ ಗಂಭೀರ ಚರ್ಚೆ ನಡೆಯಿತು. ತನಿಖೆಗೆಂದು ನರ್ಮದಾ ಮೇಡಂ ನರಗುಂದಕ್ಕೆ ಹೋಗಿ, ಹನಮಪ್ಪನನ್ನು ಅಳೆದು, ಲೋಪವನ್ನು ಸಕ್ರಮಗೊಳಿಸಿ ಬಂದರು. ಬಲಗಡೆಯ ಸ್ಟ್ಯಾಂಡಾಗಿ ಅವನನ್ನು ಆಯ್ಕೆ ಮಾಡಲಾಯಿತು. ಸ್ಟ್ಯಾಂಡುಗಳು ಜೋಡಿಯಾಗಿರಬೇಕು, ಮಾವ ಅಳಿಯರ ಜೋಡಿಯಾದರೆ ಒಂದು ಕಳೆದುಹೋದರೆ ಇನ್ನೊಂದರಿಂದ ಪತ್ತೆ ಹಚ್ಚಬಹುದು ಎಂದು ಮೇಡಂ ಅಭಿಪ್ರಾಯ ನೀಡಿದ್ದರು. ಮಗನಿಗೆ ಮಂಡಳಿಯಲ್ಲಿ ಜಾಗ ಸಿಕ್ಕಿತೆಂದು ರಾಯಣ್ಣ ಓಣಿಗೆಲ್ಲ ಪೇಢೆ ಹಂಚಿದ.

ಸ್ಟ್ಯಾಂಡುಗಳನ್ನು ಮತ್ತೆ ಸಾಗಿಸುವುದು ತೊಡಕೆಂದು ಮದುವೆಯನ್ನು ಮಂಡಳಿಯ ಭವನದಲ್ಲಿಯೇ ಮಾಡಿದರು. ತಾಳಿ ಕಟ್ಟುವಷ್ಟು ಹೊತ್ತು ಬಲಗಡೆಯ ಸ್ಪೀಕರನ್ನು ಕರೆಪ್ಪನೇ ಹೆಚ್ಚುವರಿಯಾಗಿ ಹಿಡಿದ. ಅಕ್ಷತೆ ಬಿದ್ದ ಮೇಲೆ ಅವರವರು ಅವರವರ ಜಾಗಕ್ಕೆ ಹೋದರು. ಮಂಡಳಿಯ ಪ್ರಕಟಣೆ ಮೊದಲ ಬಾರಿಗೆ ಎರಡೂ ಕಡೆಯಿಂದ ಕೇಳಿಸಿತು. ನಾಗರಿಕರು ಶಾಂತವಾಗಿರಬೇಕು ಎಂಬುದು ಅದರ ಸಾರಾಂಶ. ನಾಗರಿಕರು ಶಾಂತವಾಗಿದ್ದರು.

ಜಮಖಾನದ ನಟ್ಟನಡುವೆ ಮಗಳೊಂದಿಗೆ ಕೂತಿದ್ದ ಮಾಳವ್ವನನ್ನು ರಾಘಣ್ಣನವರು ವಿಚಾರಿಸಿದರು.

"ಹ್ಯಾಂಗ ಕೇಳಸ್ತದವ್ವಾ?"

ಮಾಳವ್ವ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿದಳು.

"ಭಾಳ ಚಲೋ ಐತ್ರಿ. ಬಲಗಡಿದು ಒಂದೀಟ ವಾಲೇತಿ."

"ಹೊಸಾದು," ಎಂದರು ರಾಘಣ್ಣ. "ಒಂದ ಮಳಿಗಾಲ ಕಳೀಲಿ, ಸರಿ ಆಗ್ತದ."